ಹುಣ್ಣು ಮಾಯ್ದರೂ ರೋಗ ಮಾಯ್ದಿಲ್ಲ

ಮಳೆ ಕೈಕೊಟ್ಟ ವರ್ಷ ಯಾದಗಿರಿ, ಶಹಾಪುರ, ಸುರಪುರ ತಾಲೂಕುಗಳಿಂದ ಅನೇಕರು ಗುಳೆ ಹೋಗುತ್ತಾರೆ. ಬೆಂಗಳೂರು, ಪುಣೆ, ಮುಂಬಯಿಗಳಲ್ಲಿ ಕಟ್ಟಡದ ಕೆಲಸ ಮಾಡಿ, ಸಂಕ್ರಾಂತಿಯ ಮೈಲಾಪುರ ಜಾತ್ರೆಗೋ ಯುಗಾದಿಗೋ ಊರಿಗೆ ಮರಳುತ್ತಾರೆ. ತಿಂಗಳುಗಟ್ಟಲೆ ಮನೆಯಿಂದ ದೂರವಿರುವ ಈ ಬದುಕಿನಲ್ಲಿ ಕೆಲವರಿಗೆ ಲೈಂಗಿಕ ರೋಗ ಅಂಟುವುದುಂಟು. ಅಂಥವುಗಳಲ್ಲಿ ಸಿಫಿಲಿಸ್ ಒಂದು. ಇದು ಗುಳೆ ಹೋದವರ ರೋಗ ಮಾತ್ರವೆಂದು ಯಾರೂ ತಿಳಿಯಬಾರದು. ಊರಲ್ಲೇ ಇರುವವರಿಗೂ, ಓದಿದವರಿಗೂ ಬರುತ್ತದೆ.

16ನೇ ಶತಮಾನದ 'ಭಾವಪ್ರಕಾಶ' ಎಂಬ ಆಯುರ್ವೇದ ಗ್ರಂಥ ಇದನ್ನು ಫಿರಂಗ ರೋಗವೆಂದು ಕರೆದಿದೆ. ಫಿರಂಗಿಯವರೊಂದಿಗೆ ಬಂದದ್ದೆಂದು ಆ ಹೆಸರು. ಆಗ ಪಾದರಸದಿಂದ ಮಾಡಿದ ರಸಕರ್ಪೂರವೇ ಮದ್ದು. ರೋಗಾಣುವನ್ನು ಜರ್ಮನಿಯಲ್ಲಿ 1905ರಲ್ಲಿ ಗುರುತಿಸಿದರು. 1943ರಿಂದೀಚೆಗೆ ಪೆನಿಸಿಲಿನ್ ಬಂದು ಚಿಕಿತ್ಸೆಯೇ ಬದಲಾಯಿತು.

ರೋಗ ಅಂಟಿದ ಸುಮಾರು 3 ವಾರಗಳಿಗೆ ಜನನಾಂಗದ ಮೇಲೆ, ಕೆಲವೊಮ್ಮೆ ಬಾಯಲ್ಲಿ, ಒಂದು ಗಟ್ಟಿ ಹುಣ್ಣು ಏಳುತ್ತದೆ. ಅದು ನೋಯುವುದಿಲ್ಲ. ಹೆಂಗಸರಲ್ಲಿ ಒಳಭಾಗದಲ್ಲಿದ್ದರೆ ಕಾಣುವುದೂ ಇಲ್ಲ. ಮದ್ದು ಮಾಡದಿದ್ದರೂ ಕೆಲವು ವಾರಗಳಲ್ಲಿ ತಾನೇ ಮಾಯುತ್ತದೆ. ಮೋಸ ಇರುವುದೇ ಇಲ್ಲಿ! ಬಸ್ ನಿಲ್ದಾಣದ ಗೋಡೆಯಲ್ಲಿ 'ಗುಪ್ತರೋಗಕ್ಕೆ ಖಚಿತ ಮದ್ದು' ಎಂದು ಅಂಟಿಸಿದವರ ಕೀರ್ತಿಯೂ ಹೆಚ್ಚಿನಂಶ ಹೀಗೇ ಬೆಳೆದದ್ದು. ಮುಂದೆ ಅಂಗೈ, ಅಂಗಾಲುಗಳಲ್ಲಿ ತುರಿಕೆಯಿಲ್ಲದ ಕೆಂಪು ಕಲೆ, ಸಣ್ಣ ಜ್ವರ ಬರಬಹುದು, ಅವೂ ಹೋಗುತ್ತವೆ. ಆಮೇಲೆ ವರ್ಷಗಟ್ಟಲೆ ಯಾವ ಸುಳಿವೂ ಇಲ್ಲ. ರೋಗಾಣು ಮಾತ್ರ ಒಳಗೇ ಇದ್ದು ಕೆಲವರಲ್ಲಿ ಹೃದಯ, ಮಿದುಳು, ಕಣ್ಣುಗಳನ್ನು ಕೆಡಿಸುತ್ತದೆ.

ಇದಕ್ಕಿಂತ ದೊಡ್ಡ ಅನ್ಯಾಯ ಗರ್ಭದಲ್ಲಿರುವ ಕೂಸಿಗೆ. ಚಿಕಿತ್ಸೆಯಾಗದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಗರ್ಭಪಾತ, ಸತ್ತ ಕೂಸಿನ ಹೆರಿಗೆ, ದಿನ ತುಂಬದ ಹೆರಿಗೆ ಅಥವಾ ರೋಗಪೀಡಿತ ಮಗುವಿನಂಥ ತೊಂದರೆ ಆಗುತ್ತದೆ. ಬದುಕುಳಿದ ಮಕ್ಕಳಿಗೆ ಮುಂದೆ ಕಿವುಡು, ಮೂಳೆ ದೋಷ ಬರಬಹುದು. ಮತ್ತೆ ಮತ್ತೆ ಗರ್ಭ ಇಳಿದರೆ ಸೊಸೆಯ ಕಾಲ್ಗುಣ, ದೃಷ್ಟಿ, ಗಾಳಿ ಎನ್ನುವವರೇ ಹೆಚ್ಚು. ಗಂಡನ ರಕ್ತವನ್ನೂ ಪರೀಕ್ಷಿಸೋಣ ಎನ್ನುವವರು ಅಪರೂಪ. ಕಾರಣಗಳು ಬೇರೆಯೂ ಇರುತ್ತವೆ, ನಿಜ. ಆದರೆ ಈ ಒಂದು ಕಾರಣವನ್ನು ಬೆರಳ ತುದಿಯ ಹನಿ ರಕ್ತದಿಂದ ಪತ್ತೆ ಮಾಡಬಹುದು.

ಆದ್ದರಿಂದ ಗರ್ಭಿಣಿ ಮೊದಲ ಸಲ ತಪಾಸಣೆಗೆ ಹೋದಾಗಲೇ ಸಿಫಿಲಿಸ್ ಪರೀಕ್ಷೆ ಆಗಬೇಕು. ಎಚ್‌ಐವಿ ಪರೀಕ್ಷೆಯೊಂದಿಗೇ ಇದನ್ನು ಮಾಡಬಹುದು. ಫಲಿತಾಂಶ ತಾಯಿ ಕಾರ್ಡಿನಲ್ಲಿ ಬರೆದಿದೆಯೇ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ, ಸಂಕೋಚ ಬೇಡ. ತಾಯಿಯಿಂದ ಮಗುವಿಗೆ ಸಿಫಿಲಿಸ್ ಹರಡುವುದನ್ನು ತಡೆದ ದೇಶವೆಂದು ಥಾಯ್ಲೆಂಡ್ 2016ರಲ್ಲಿ, ಶ್ರೀಲಂಕಾ 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆದವು. ಅವೂ ಅತಿ ಶ್ರೀಮಂತ ದೇಶಗಳೇನಲ್ಲ.

ಹೊಸ ರೋಗವಾದರೆ 24 ಲಕ್ಷ ಯೂನಿಟ್ ಬೆಂಜಥೀನ್ ಪೆನಿಸಿಲಿನ್ ಒಂದು ಸಲ ಸಾಕು. ಹಳೆಯದಾಗಿದ್ದರೆ ವಾರಕ್ಕೊಂದರಂತೆ 3 ಸಲ. ಸೂಜಿ ನೋಯುತ್ತದೆ, ಮೊದಲ ದಿನ ಚಳಿಜ್ವರ ಬರಬಹುದು, ಅದಕ್ಕೆ ಹೆದರಿ ಬಿಡಬಾರದು. ಗರ್ಭಿಣಿಗೆ ಹೆರಿಗೆಗೆ ಕನಿಷ್ಠ 30 ದಿನ ಮುಂಚೆ ಚಿಕಿತ್ಸೆ ಆರಂಭವಾಗಿರಬೇಕು. ಪೆನಿಸಿಲಿನ್ ಒಗ್ಗದವರು ವೈದ್ಯರಿಗೆ ಮೊದಲೇ ತಿಳಿಸಬೇಕು. ಸರಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಪರೀಕ್ಷೆ, ಚಿಕಿತ್ಸೆ ಎರಡೂ ಉಚಿತ, ವಿಷಯ ಗುಟ್ಟಾಗಿರುತ್ತದೆ. ಗಂಡನಿಗೆ ಮಾತ್ರ ಅಥವಾ ಹೆಂಡತಿಗೆ ಮಾತ್ರ ಚಿಕಿತ್ಸೆ ಮಾಡಿದರೆ ರೋಗ ಮತ್ತೆ ಮರಳುತ್ತದೆ. ಇಬ್ಬರದೂ ಮುಗಿಯುವವರೆಗೆ ದೂರವಿದ್ದು, 6 ತಿಂಗಳಿಗೆ ಹಾಗೂ ವರ್ಷಕ್ಕೆ ಮತ್ತೆ ರಕ್ತಪರೀಕ್ಷೆ ಮಾಡಿಸಬೇಕು.