ಒಣದ್ರಾಕ್ಷಿಯೂ ಎಳೆಯ ಮಕ್ಕಳೂ

ತಂದೆತಾಯಿಗಳಿಬ್ಬರೂ ಕೆಲಸಕ್ಕೆ ಹೋಗುವ ಸಂಸಾರಗಳು ನಮ್ಮ ಪಟ್ಟಣಗಳಲ್ಲಿ ಹೆಚ್ಚಿದಂತೆ, ನೆರೆಹೊರೆಯ ನಾಲ್ಕಾರು ಮಕ್ಕಳನ್ನು ಹಗಲೆಲ್ಲ ತಮ್ಮ ಮನೆಯಲ್ಲಿಯೇ ನೋಡಿಕೊಳ್ಳುವ ಗೃಹಿಣಿಯರೂ ಹೆಚ್ಚಿದ್ದಾರೆ. ನಮ್ಮ ವಿದ್ಯಾರ್ಥಿನಿಯೊಬ್ಬಳ ತಾಯಿ ಅಂಥವರಲ್ಲಿ ಒಬ್ಬರು. ಒಂದು ದಿನ ಪಾಠ ಮುಗಿದ ಮೇಲೆ ಆಕೆ ನಮ್ಮನ್ನು ಕೇಳಿದಳು: "ಸಾರ್, ನಮ್ಮಮ್ಮ ಮಕ್ಕಳಿಗೆಲ್ಲ ಹತ್ತು ಗಂಟೆಗೆ ಒಂದೊಂದು ಹಿಡಿ ಒಣದ್ರಾಕ್ಷಿ ಕೊಡುತ್ತಾರೆ. ಬಿಸ್ಕತ್ತಿಗಿಂತ ಒಳ್ಳೆಯದು, ಕೆಡುವುದೂ ಇಲ್ಲ ಎನ್ನುತ್ತಾರೆ. ಮೊನ್ನೆ ಒಂದು ಮಗುವಿನ ತಾಯಿ ಬಂದು, ಎರಡು ವರ್ಷದ ಕೂಸಿಗೆ ಅದನ್ನು ಕೊಡಲೇಬೇಡಿ ಎಂದು ಹೇಳಿಹೋದರು. ಇಬ್ಬರಲ್ಲಿ ಯಾರ ಮಾತು ಸರಿ?"

ಈ ಪ್ರಶ್ನೆ ಭೌತವಿಜ್ಞಾನಕ್ಕೆ ಸೇರಿದ್ದಲ್ಲವೆಂದು ಮೊದಲ ನೋಟಕ್ಕೆ ತೋರಬಹುದು. ಆದರೆ ಸ್ವಲ್ಪ ಆಲೋಚಿಸಿದರೆ ಇಬ್ಬರ ಮಾತಿಗೂ ಆಧಾರವಾಗಿರುವುದು ಒಂದೇ ಸಂಗತಿಯೆಂಬುದು ತಿಳಿಯುವುದು: ಹಣ್ಣಿನಿಂದ ನೀರು ಹೊರಟುಹೋಗಿದೆ. ಅದು ಕೆಡದಿರುವುದಕ್ಕೂ ಇದೇ ಕಾರಣ, ಎಳೆಯ ಮಗುವಿನ ಗಂಟಲಿಗೆ ಅದು ಅಪಾಯವಾಗುವುದಕ್ಕೂ ಮುಖ್ಯವಾಗಿ ಇದೇ ಕಾರಣ. ಇದು ಹೇಗೆಂಬುದನ್ನು ಈಗ ವಿಚಾರಿಸೋಣ.

ನೀರು ಹೋದರೆ ಉಳಿಯುವುದೇನು?

ನಮ್ಮ ರಾಜ್ಯದ ವಿಜಯಪುರ ಜಿಲ್ಲೆ ಒಣದ್ರಾಕ್ಷಿಗೆ ಹೆಸರಾದುದು. ದ್ರಾಕ್ಷಿಯ ಸಿಪ್ಪೆಯ ಮೇಲೆ ತೆಳುವಾದ ಮೇಣದ ಲೇಪವಿರುತ್ತದೆ; ಒಳಗಿನ ನೀರು ಆರದಂತೆ ತಡೆಯುವುದು ಅದರ ಕೆಲಸ. ಆದುದರಿಂದ ಬೆಳೆಗಾರರು ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬನೇಟು ಮತ್ತು ಈಥೈಲ್ ಓಲಿಯೇಟು ಕೂಡಿಸಿದ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಇದರಿಂದ ಮೇಣದ ತಡೆ ಸಡಿಲವಾಗುತ್ತದೆ. ಅನಂತರ ಗಾಳಿಯಾಡುವ ಶೆಡ್ಡುಗಳಲ್ಲಿ, ನೆರಳಿನಲ್ಲಿ, ಬಲೆಯ ಅಂತಸ್ತುಗಳ ಮೇಲೆ ಹರಡಿದರೆ ಎರಡು ಮೂರು ವಾರಗಳಲ್ಲಿ ಹಣ್ಣು ಒಣಗುತ್ತದೆ.

ಈಗ ಒಂದು ಸುಲಭವಾದ ಲೆಕ್ಕ. ಹಸಿ ದ್ರಾಕ್ಷಿಯ ನೂರು ಗ್ರಾಮಿನಲ್ಲಿ ಸುಮಾರು ೮೦ ಗ್ರಾಂ ನೀರು, ೧೬ ಗ್ರಾಂ ಸಕ್ಕರೆ, ೪ ಗ್ರಾಂ ಇತರ ಘನಪದಾರ್ಥ ಎಂದಿಟ್ಟುಕೊಳ್ಳೋಣ. ಒಣದ್ರಾಕ್ಷಿಯಲ್ಲಿ ಉಳಿಯುವ ನೀರು ನೂರಕ್ಕೆ ಸುಮಾರು ೧೫ ಪಾಲು. ಘನಪದಾರ್ಥ ಎಲ್ಲಿಗೂ ಹೋಗುವುದಿಲ್ಲ. ಆ ೨೦ ಗ್ರಾಮು ಈಗ ಒಟ್ಟು ತೂಕದ ೮೫ ಪಾಲಾಗಬೇಕು. ಆದುದರಿಂದ ಒಣಹಣ್ಣಿನ ತೂಕ ೨೦ ÷ ೦.೮೫, ಎಂದರೆ ೨೩.೫ ಗ್ರಾಂ. ಒಂದು ಕಿಲೋಗ್ರಾಂ ಒಣದ್ರಾಕ್ಷಿಗೆ ನಾಲ್ಕೂಕಾಲು ಕಿಲೋಗ್ರಾಂ ಹಸಿ ದ್ರಾಕ್ಷಿ ಬೇಕೆಂದಾಯಿತು. ಹಸಿ ಹಣ್ಣಿನಲ್ಲಿ ನೂರಕ್ಕೆ ೧೬ ಇದ್ದ ಸಕ್ಕರೆ ಒಣಹಣ್ಣಿನಲ್ಲಿ ಸುಮಾರು ೬೮ಕ್ಕೆ ಏರಿತು.

ಇಲ್ಲಿ ಗಮನಿಸಬೇಕಾದುದೊಂದಿದೆ. ತೂಕ ಇಳಿದರೂ ಎಣಿಕೆ ಇಳಿಯಲಿಲ್ಲ. ಒಂದು ಒಣದ್ರಾಕ್ಷಿ ಎಂದರೆ ಒಂದು ದ್ರಾಕ್ಷಿಯೇ. ಮೂವತ್ತು ದ್ರಾಕ್ಷಿ ಹಣ್ಣುಗಳನ್ನು ಒಮ್ಮೆಗೇ ತಿನ್ನಲಾರದ ಮಗು ಮೂವತ್ತು ಒಣದ್ರಾಕ್ಷಿಗಳನ್ನು ಆಡುತ್ತಾಡುತ್ತ ಮುಗಿಸಿಬಿಡುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಮನೆಗಳಲ್ಲಿ ನಡೆಯುವ ಶಿಶುಪಾಲನೆಯ ಆಹಾರಕ್ಕೆ ಸರ್ಕಾರದ ನೆರವು ಕೊಡುವ ಯೋಜನೆಯೊಂದುಂಟು. ಅಲ್ಲಿ ಕಾಲು ಬಟ್ಟಲು ಒಣಹಣ್ಣನ್ನು ಅರ್ಧ ಬಟ್ಟಲು ಹಣ್ಣಿಗೆ ಸಮನೆಂದು ಎಣಿಸುವುದು ರೂಢಿ. ಇದು ವ್ಯವಹಾರದ ಲೆಕ್ಕವೇ ಹೊರತು ಕರಾರುವಾಕ್ಕಾದ ಅಳತೆಯಲ್ಲ. ಆದರೂ ಅದರ ಹಿಂದಿರುವ ತತ್ತ್ವ ಇದೇ.

ಕೆಡದಿರುವುದೇಕೆ?

ಒಣದ್ರಾಕ್ಷಿಯಲ್ಲಿ ಇನ್ನೂ ೧೫ ಪಾಲು ನೀರಿದೆಯಷ್ಟೆ. ಬೂಷ್ಟು ಬೆಳೆಯಲು ಅಷ್ಟು ನೀರು ಸಾಲದೇ ಎಂದು ಯಾರಾದರೂ ಕೇಳಬಹುದು. ನೀರು ಎಷ್ಟಿದೆ ಎಂಬುದಕ್ಕಿಂತ, ಇರುವ ನೀರಿನಲ್ಲಿ ಸೂಕ್ಷ್ಮಜೀವಿಗಳಿಗೆ ಎಷ್ಟು ಒದಗುತ್ತದೆ ಎಂಬುದು ಮುಖ್ಯ. ಇದನ್ನು ಅಳೆಯಲು ವಿಜ್ಞಾನಿಗಳು ಪದಾರ್ಥದಲ್ಲಿರುವ ನೀರಿನ ಆವಿಯ ಒತ್ತಡವನ್ನು ಅದೇ ಉಷ್ಣತೆಯಲ್ಲಿರುವ ಶುದ್ಧ ನೀರಿನ ಆವಿಯ ಒತ್ತಡದಿಂದ ಭಾಗಿಸುತ್ತಾರೆ. ಈ ಭಾಗಲಬ್ಧಕ್ಕೆ ಜಲಸಕ್ರಿಯತೆ ಎನ್ನೋಣ. ಶುದ್ಧ ನೀರಿಗೆ ಇದರ ಬೆಲೆ ೧.

ಕಾಲೇಜಿನ ವಿದ್ಯಾರ್ಥಿಗಳಿಗೆ ರೌಲ್ಟನ ನಿಯಮ ಪರಿಚಿತವಾದುದು. ನೂರು ಗ್ರಾಂ ಒಣದ್ರಾಕ್ಷಿಯಲ್ಲಿ ೧೫ ಗ್ರಾಂ ನೀರು, ಎಂದರೆ ೧೫ ÷ ೧೮ = ೦.೮೩ ಮೋಲ್. ಸಕ್ಕರೆಗಳು ಬಹುಮಟ್ಟಿಗೆ ಗ್ಲೂಕೋಸು ಮತ್ತು ಫ್ರಕ್ಟೋಸುಗಳಾದುದರಿಂದ ೬೮ ÷ ೧೮೦ = ೦.೩೮ ಮೋಲ್. ಒಟ್ಟಿನಲ್ಲಿ ನೀರಿನ ಪಾಲು ೦.೮೩ ÷ ೧.೨೧, ಸುಮಾರು ೦.೬೯. ಅಳೆದು ನೋಡಿದಾಗ ದೊರೆಯುವ ಬೆಲೆ ಇದಕ್ಕಿಂತ ಕಡಮೆ, ೦.೬ರ ಆಸುಪಾಸು, ಇಷ್ಟು ಗಾಢವಾದ ದ್ರಾವಣ ಆದರ್ಶ ನಿಯಮವನ್ನು ಪೂರ್ತಿಯಾಗಿ ಪಾಲಿಸುವುದಿಲ್ಲ. ಹಸಿ ದ್ರಾಕ್ಷಿಗೆ ಇದೇ ಲೆಕ್ಕ ಮಾಡಿದರೆ ೦.೯೮ ಬರುವುದು.

ಸೂಕ್ಷ್ಮಜೀವಿಗಳ ಬೆಳವಣಿಗೆಗೂ ಆವಿಯ ಒತ್ತಡಕ್ಕೂ ಇರುವ ಈ ಸಂಬಂಧವನ್ನು ಸ್ಪಷ್ಟಪಡಿಸಿದವರಲ್ಲಿ ಆಸ್ಟ್ರೇಲಿಯದ ಸ್ಕಾಟ್ ಎಂಬ ವಿಜ್ಞಾನಿ ಪ್ರಮುಖರು. ಅವರ ಹೆಸರಾಂತ ಪ್ರಬಂಧವೊಂದು ೧೯೫೩ರಲ್ಲಿ ಪ್ರಕಟವಾಯಿತು. ಬಹುಪಾಲು ಬ್ಯಾಕ್ಟೀರಿಯಗಳು ೦.೯೧ಕ್ಕಿಂತ ಕೆಳಗೆ ಬೆಳೆಯಲಾರವು. ಬಹುಪಾಲು ಬೂಷ್ಟುಗಳು ೦.೮ಕ್ಕಿಂತ ಕೆಳಗೆ ಬೆಳೆಯಲಾರವು; ೦.೬ಕ್ಕಿಂತ ಕೆಳಗೆ ಯಾವುದೂ ಬೆಳೆಯದೆಂದೇ ಹೇಳಬಹುದು. ಸಕ್ಕರೆಯ ಗಾಢ ದ್ರಾವಣ ಜೀವಕೋಶದೊಳಗಿನ ನೀರನ್ನೇ ಅಭಿಸರಣೆಯಿಂದ ಹೊರಕ್ಕೆ ಸೆಳೆದುಬಿಡುತ್ತದೆ. ಉತ್ತರ ಕನ್ನಡದ ಸುಕೇಳಿ, ಕರಾವಳಿಯ ಮಾಂಬಳ, ಅಂಗಡಿಯ ಅಂಜೂರ, ಖರ್ಜೂರ, ಇವೆಲ್ಲ ಬಾಳುವುದೂ ಇದೇ ತತ್ತ್ವದಿಂದ.

ಆದರೆ ಒಂದು ಎಚ್ಚರಿಕೆ. ಜಲಸಕ್ರಿಯತೆ ೦.೬ ಇರುವ ಪದಾರ್ಥವನ್ನು ತೇವ ನೂರಕ್ಕೆ ೮೦ಕ್ಕಿಂತ ಹೆಚ್ಚಿರುವ ಮಳೆಗಾಲದ ಗಾಳಿಗೆ ತೆರೆದಿಟ್ಟರೆ ಅದು ಗಾಳಿಯ ನೀರನ್ನು ಹೀರುತ್ತ ಹೋಗುವುದು. ಆದುದರಿಂದ ಡಬ್ಬಿಯ ಮುಚ್ಚಳ ಭದ್ರವಾಗಿರಬೇಕು.

ಗಂಟಲಿನ ವಿಚಾರ

ಇಲ್ಲಿಯವರೆಗೆ ಗೃಹಿಣಿಯ ಮಾತು ನಿಂತಿತು. ಈಗ ಆ ಮಗುವಿನ ತಾಯಿಯ ಮಾತನ್ನು ಪರೀಕ್ಷಿಸೋಣ.

ನೀರು ಹೋದ ಹಣ್ಣು ರಸವಿಲ್ಲದೆ ಜಿಗುಟಾಗುತ್ತದೆ, ಸಿಪ್ಪೆ ಬಿರುಸಾಗುತ್ತದೆ. ಅದನ್ನು ಅರೆಯಲು ದವಡೆ ಹಲ್ಲುಗಳು ಬೇಕು. ಮಕ್ಕಳಿಗೆ ಎರಡನೆಯ ಸಾಲಿನ ದವಡೆ ಹಲ್ಲುಗಳು ಹುಟ್ಟುವುದು ಸಾಮಾನ್ಯವಾಗಿ ಎರಡು, ಎರಡೂವರೆ ವರ್ಷದ ಹೊತ್ತಿಗೆ. ಚೆನ್ನಾಗಿ ಅಗಿಯುವ ಅಭ್ಯಾಸ ಬರಲು ಇನ್ನೂ ಕೆಲವು ಕಾಲ ಬೇಕು. ಅಲ್ಲಿಯವರೆಗೆ ಮಗು ಒಣದ್ರಾಕ್ಷಿಯನ್ನು ಇಡಿಯಾಗಿಯೇ ನುಂಗಲು ನೋಡುತ್ತದೆ. ಗಂಟಲಿನಲ್ಲಿ ಅನ್ನದ ದಾರಿಯೂ ಉಸಿರಿನ ದಾರಿಯೂ ಒಂದನ್ನೊಂದು ಹಾಯುತ್ತವೆ. ಮಗು ನಗುವಾಗಲೋ ಅಳುವಾಗಲೋ ಓಡುವಾಗಲೋ ಸರಕ್ಕನೆ ಉಸಿರೆಳೆದುಕೊಂಡರೆ ಬಾಯಲ್ಲಿದ್ದ ತುಣುಕು ಶ್ವಾಸನಾಳದ ಕಡೆಗೆ ಹೋಗಬಹುದು.

ಎರಡು ವರ್ಷದ ಮಗುವಿನ ಶ್ವಾಸನಾಳದ ವ್ಯಾಸ ಸುಮಾರು ಆರು ಮಿಲಿಮೀಟರ್ ಮಾತ್ರ. ಒಣದ್ರಾಕ್ಷಿಯ ಗಾತ್ರವೂ ಹೆಚ್ಚುಕಡಮೆ ಅಷ್ಟೇ. ಅದು ಮೆತ್ತಗಿರುವುದರಿಂದ ನಾಳದ ಆಕಾರಕ್ಕೆ ಹೊಂದಿಕೊಂಡು ಬಿರಡೆಯಂತೆ ಕೂರಬಲ್ಲದು. ಜಿಗುಟಾಗಿರುವುದರಿಂದ ಕೆಮ್ಮಿನ ರಭಸಕ್ಕೆ ಸುಲಭವಾಗಿ ಕದಲದು. ತೇವವಿರುವಲ್ಲಿ ನೀರು ಹೀರಿ ಉಬ್ಬಲೂ ಬಲ್ಲದು.

ನಾಳ ಪೂರ್ತಿ ಮುಚ್ಚದಿದ್ದರೂ ಕಷ್ಟವೇ. ಕೊಳವೆಯಲ್ಲಿ ಹರಿವಿಗೆ ಒದಗುವ ತಡೆ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮಾನುಪಾತದಲ್ಲಿರುತ್ತದೆಂಬುದು ಪ್ವಾಸೆಯ ನಿಯಮ. ವಯಸ್ಕನ ಶ್ವಾಸನಾಳದ ತ್ರಿಜ್ಯ ೮ ಮಿಲಿಮೀಟರ್ ಎಂದಿಟ್ಟುಕೊಂಡು ಅದು ೭ಕ್ಕೆ ಇಳಿದರೆ ತಡೆ ಸುಮಾರು ೧.೭ ಪಟ್ಟಾಗುವುದು. ಮಗುವಿನ ೩ ಮಿಲಿಮೀಟರ್ ತ್ರಿಜ್ಯ ೨ಕ್ಕೆ ಇಳಿದರೆ ತಡೆ ೫ ಪಟ್ಟಾಗುವುದು! ಕಡಮೆಯಾದುದು ಇಬ್ಬರಿಗೂ ಒಂದೇ ಮಿಲಿಮೀಟರ್. ನಿಜವಾದ ಉಸಿರಾಟ ಈ ನಿಯಮ ಹೇಳುವಷ್ಟು ಶಾಂತವಾದ ಹರಿವಲ್ಲ; ಆದರೂ ಎಳೆಯ ಮಗುವಿಗೆ ಅಪಾಯ ಏಕೆ ಅಷ್ಟು ಹೆಚ್ಚೆಂಬುದು ಇದರಿಂದ ಮನದಟ್ಟಾಗುವುದು. ನಾಲ್ಕು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಇಡಿಯ ಒಣದ್ರಾಕ್ಷಿ ಬೇಡವೆಂದು ತಜ್ಞರು ಹೇಳುವುದು ಅಕಾರಣವಾಗಿ ಅಲ್ಲ.

ನೀರನ್ನು ಹಿಂದಕ್ಕೆ ಕೊಟ್ಟರೆ?

ಹಾಗಾದರೆ ಹೋದ ನೀರನ್ನು ಹಿಂದಕ್ಕೆ ಕೊಡೋಣ. ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಸಿದರೆ ಸಿಪ್ಪೆಯ ಮೂಲಕ ನೀರು ಒಳಕ್ಕೆ ಸೇರಿ ಹಣ್ಣು ಮೆತ್ತಗಾಗಿ ಉಬ್ಬುತ್ತದೆ. ಆದರೆ ಇಲ್ಲಿ ಎರಡು ಸಂಗತಿಗಳನ್ನು ಮರೆಯಬಾರದು.

ಮೊದಲನೆಯದು: ಉಬ್ಬಿದ ಒಣದ್ರಾಕ್ಷಿ ಮತ್ತೆ ಒಂದು ಪುಟ್ಟ ದ್ರಾಕ್ಷಿಯಂತೆಯೇ ಆಯಿತು. ಗುಂಡಗಿರುವ ಇಡಿಯ ದ್ರಾಕ್ಷಿಯೂ ಎಳೆಯ ಮಕ್ಕಳ ಗಂಟಲಿಗೆ ಅಪಾಯವೇ. ಆದುದರಿಂದ ನೆನೆಸಿದರಷ್ಟೇ ಸಾಲದು. ಸಣ್ಣಗೆ ಹೆಚ್ಚಿ ಅಥವಾ ಅರೆದು, ಗಂಜಿ, ಮೊಸರನ್ನ, ರಾಗಿಯ ಮಣ್ಣಿಗಳಲ್ಲಿ ಕಲಸಿ ಕೊಡಬೇಕು.

ಎರಡನೆಯದು: ನೀರು ಮರಳಿದೊಡನೆ ಜಲಸಕ್ರಿಯತೆಯೂ ೧ರ ಸಮೀಪಕ್ಕೆ ಮರಳುತ್ತದೆ. ತಿಂಗಳುಗಟ್ಟಲೆ ಹಣ್ಣನ್ನು ಕಾಯುತ್ತಿದ್ದ ರಕ್ಷಣೆ ಹೋಯಿತು. ಕುದಿಸಿ ಇಳಿಸಿದ ಬಿಸಿನೀರಿನಲ್ಲಿ ಊಟಕ್ಕೆ ಮುಂಚೆ ಅರ್ಧ ಗಂಟೆ, ಒಂದು ಗಂಟೆ ನೆನೆಸಿ, ಆ ಹೊತ್ತಿಗೇ ಬಳಸಿಬಿಡಬೇಕು. ಮಿಕ್ಕದ್ದನ್ನು ನಾಳೆಗೆಂದು ಅಡುಗೆಮನೆಯ ಮೂಲೆಯಲ್ಲಿ ಇಡಬಾರದು. ಡಬ್ಬಿಯಲ್ಲಿದ್ದಾಗ ಕೆಡಲಿಲ್ಲವೆಂಬ ನಂಬಿಕೆ ಬಟ್ಟಲಿನಲ್ಲಿ ಮೋಸ ಮಾಡುತ್ತದೆ. ಆರು ತಿಂಗಳು ತುಂಬದ ಕೂಸಿಗೆ ತಾಯಿಯ ಹಾಲೇ ಸಾಕು. ದ್ರಾಕ್ಷಿ ನೆನೆಸಿದ ನೀರೂ ಬೇಡ.

ಇನ್ನು ಕೆಲವು ಮಾತು. ಖರ್ಜೂರದ ಬೀಜವನ್ನು ತೆಗೆಯದೆ ಕೊಡಬಾರದು. ಮಕ್ಕಳು ಕುಳಿತು ತಿನ್ನಬೇಕು. ನೋಡಿಕೊಳ್ಳುವವರು ಎದುರಿಗೇ ಇರಬೇಕು. ಒಂದೇ ಮನೆಯಲ್ಲಿ ಐದು ವರ್ಷದ ಮಗುವೂ ಒಂದೂವರೆ ವರ್ಷದ ಮಗುವೂ ಇರುವಾಗ ದೊಡ್ಡದಕ್ಕೆ ಕೊಟ್ಟದ್ದು ಚಿಕ್ಕದರ ಬಾಯಿಗೆ ಸೇರುವುದು ಕ್ಷಣದ ಮಾತು. ಜಿಗುಟಾದ ಸಿಹಿ ಹಲ್ಲಿನ ಸಂದಿಯಲ್ಲಿ ನಿಂತರೆ ಬಾಯಿಯ ಬ್ಯಾಕ್ಟೀರಿಯಗಳು ಅದನ್ನು ಆಮ್ಲವಾಗಿ ಮಾರ್ಪಡಿಸುವುವು. ಆದುದರಿಂದ ಊಟದ ಜೊತೆಗೆ ಕೊಟ್ಟು, ಮೇಲೆ ನೀರು ಕುಡಿಸುವುದು ಲೇಸು.

ಇಷ್ಟಾಗಿಯೂ ಸಿಕ್ಕಿಕೊಂಡರೆ? ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಅಳಲೂ ಕೆಮ್ಮಲೂ ಉಸಿರಾಡಲೂ ಆಗದಿದ್ದರೆ ತಡಮಾಡದೆ ಬಗ್ಗಿಸಿ, ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಬಾರಿ ಬಲವಾಗಿ ತಟ್ಟಬೇಕು. ಹೊರಬಾರದಿದ್ದರೆ, ಒಂದು ವರ್ಷ ಮೀರಿದ ಮಗುವಿಗೆ ಹಿಂದಿನಿಂದ ತಬ್ಬಿ ಹೊಕ್ಕುಳಿಗಿಂತ ತುಸು ಮೇಲೆ ಒಳಕ್ಕೂ ಮೇಲಕ್ಕೂ ಐದು ಬಾರಿ ಒತ್ತಬೇಕು. ಒಂದು ವರ್ಷ ತುಂಬದ ಕೂಸಿನ ಹೊಟ್ಟೆಯನ್ನು ಒತ್ತಕೂಡದು; ಎದೆಯ ನಡುವೆ ಒತ್ತಬೇಕು. ತುಣುಕು ಹೊರಬರುವವರೆಗೆ ಈ ಎರಡನ್ನೂ ಒಂದಾದಮೇಲೊಂದು ಮಾಡುತ್ತಿರಬೇಕು. ಜೊತೆಯಲ್ಲಿದ್ದವರು ೧೦೮ಕ್ಕೆ ಕರೆಮಾಡಬೇಕು. ಕಾಣದ ತುಣುಕಿಗಾಗಿ ಬಾಯೊಳಗೆ ಬೆರಳು ಹಾಕಬಾರದು. ಹೊಟ್ಟೆ ಒತ್ತುವ ಕ್ರಮವನ್ನು ಅಮೆರಿಕದ ಶಸ್ತ್ರವೈದ್ಯ ಹೈಮ್‌ಲಿಕ್ ೧೯೭೪ರಲ್ಲಿ ಪ್ರಕಟಿಸಿದರು. ಅದರಲ್ಲಿ ಕೆಲಸ ಮಾಡುವುದು ಬಾಯ್ಲನ ನಿಯಮವೇ: ವಪೆ ಮೇಲಕ್ಕೇರಿ ಶ್ವಾಸಕೋಶದ ಗಾಳಿಯ ಗಾತ್ರ ಕುಗ್ಗಿದಾಗ ಒತ್ತಡ ಏರಿ ತುಣುಕನ್ನು ಹೊರಕ್ಕೆ ನೂಕುತ್ತದೆ. ಇದನ್ನು ಓದಿ ಕಲಿಯುವುದಕ್ಕಿಂತ ಬಲ್ಲವರ ಮುಂದೆ ಮಾಡಿ ಕಲಿಯುವುದು ಮೇಲು. ತುಣುಕು ಹೊರಬಂದ ಮೇಲೂ ಕೆಮ್ಮು ನಿಲ್ಲದಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಮನೆಯಲ್ಲೊಂದು ಪ್ರಯೋಗ

ಇಪ್ಪತ್ತು ಗ್ರಾಂ ಒಣದ್ರಾಕ್ಷಿಯನ್ನು ತೂಗಿ ಒಂದು ಲೋಟ ನೀರಿನಲ್ಲಿ ಹಾಕಿರಿ. ಇನ್ನೊಂದು ಇಪ್ಪತ್ತು ಗ್ರಾಮನ್ನು ಗಟ್ಟಿಯಾದ ಸಕ್ಕರೆ ಪಾಕದಲ್ಲಿ ಹಾಕಿರಿ. ಅರ್ಧ ಗಂಟೆಗೊಮ್ಮೆ ತೆಗೆದು, ಬಟ್ಟೆಯಿಂದ ಒರಸಿ, ತೂಗಿ, ಕಾಲಕ್ಕೂ ತೂಕಕ್ಕೂ ನಕ್ಷೆ ಬರೆಯಿರಿ. ನೀರಿನಲ್ಲಿದ್ದುದು ಮೊದಲು ಬೇಗಬೇಗನೆ, ಆಮೇಲೆ ನಿಧಾನವಾಗಿ ಉಬ್ಬುವುದನ್ನೂ, ಪಾಕದಲ್ಲಿದ್ದುದು ಹಿಂದುಳಿಯುವುದನ್ನೂ ಕಾಣುವಿರಿ. ಏಕೆಂಬುದನ್ನು ನೀವೇ ಹೇಳಬಲ್ಲಿರಿ. ಎಳನೀರಿನ ಅಗಲವಾದ ಹೀರುಗೊಳವೆಯಲ್ಲಿ ಒಮ್ಮೆ, ಸಣ್ಣ ಕೊಳವೆಯಲ್ಲಿ ಒಮ್ಮೆ ಗಾಳಿಯೂದಿ ನೋಡಿದರೆ ಪ್ವಾಸೆಯ ನಿಯಮ ಕೆನ್ನೆಗೇ ಅರಿವಾಗುವುದು.

ನಾವು ಆ ವಿದ್ಯಾರ್ಥಿನಿಗೆ ಕೊಟ್ಟ ಉತ್ತರ ಇಷ್ಟೇ: "ನಿಮ್ಮ ತಾಯಿಯವರು ಒಣದ್ರಾಕ್ಷಿಯನ್ನು ಬಿಡಬೇಕಾಗಿಲ್ಲ. ಹಿಡಿಯಲ್ಲಿ ಕೊಡುವುದನ್ನು ಬಿಟ್ಟು, ನೆನೆಸಿ ಅರೆದು ಚಮಚದಲ್ಲಿ ಕೊಡಲಿ." ನೀರು ಹೋದುದರಿಂದ ಬಂದ ಗುಣವನ್ನು ಡಬ್ಬಿಯಲ್ಲಿ ಉಳಿಸಿಕೊಂಡು, ಅದರಿಂದ ಬಂದ ದೋಷವನ್ನು ಬಟ್ಟಲಿನಲ್ಲಿ ಕಳೆಯುವುದು ಕಷ್ಟದ ಕೆಲಸವಲ್ಲ. ಬೇಕಾದುದು ಒಂದು ಗಂಟೆಯ ಮುಂದಾಲೋಚನೆ ಮಾತ್ರ. ಬೇರೆಯವರ ಮಕ್ಕಳನ್ನು ನಂಬಿಕೆಯಿಂದ ಒಪ್ಪಿಸಿಕೊಂಡ ಮನೆಯಲ್ಲಿ ಅಷ್ಟು ಮುಂದಾಲೋಚನೆ ಇರಲೇಬೇಕು.