ತೌಡು ಮತ್ತು ಸಿಪ್ಪೆಗಳಲ್ಲಿ ಅಡಗಿರುವ ಉತ್ಕರ್ಷಣ ನಿರೋಧಕಗಳು

ಎಣ್ಣೆ, ಹಿಟ್ಟು, ಕರಿದ ತಿಂಡಿಗಳು ದಿನ ಕಳೆದಂತೆ ಕಮಟು ವಾಸನೆ ಬೀರುವುದಕ್ಕೆ ಅವುಗಳ ಜಿಡ್ಡಿನಂಶ ಗಾಳಿಯ ಆಮ್ಲಜನಕದೊಡನೆ ಸೇರಿ ಒಡೆಯುವುದು ಒಂದು ಮುಖ್ಯ ಕಾರಣವಾಗಿದ್ದು, ಈ ಕ್ರಿಯೆಯನ್ನು ಉತ್ಕರ್ಷಣವೆಂದೂ ಅದನ್ನು ತಡೆಯುವ ಪದಾರ್ಥಗಳನ್ನು ಉತ್ಕರ್ಷಣ ನಿರೋಧಕಗಳೆಂದೂ ಕರೆಯಲಾಗುತ್ತದೆ. ಆಹಾರೋದ್ಯಮವು ಇದಕ್ಕಾಗಿ ಬಿ.ಎಚ್.ಎ., ಬಿ.ಎಚ್.ಟಿ. ಎಂಬ ಕೃತಕ ರಾಸಾಯನಿಕಗಳನ್ನು ಮಿತವಾಗಿ ಬಳಸುತ್ತ ಬಂದಿದೆ. ಆದರೆ ಕೀಟ, ಬೂಷ್ಟು, ಬಿಸಿಲುಗಳಿಂದ ತನ್ನ ಬೀಜವನ್ನು ಕಾಯಲು ಸಸ್ಯವೇ ಹೊರಪದರದಲ್ಲಿ ಇಂಥ ಪದಾರ್ಥಗಳನ್ನು ತುಂಬಿಟ್ಟಿರುತ್ತದೆ. ಕಾಳನ್ನು ಉಳಿಸಿಕೊಂಡು ಬೇರ್ಪಡಿಸುವ ತೌಡು, ಸಿಪ್ಪೆಗಳಲ್ಲಿ ಅವು ದಟ್ಟವಾಗಿರುವುದಕ್ಕೆ ಇದೇ ಕಾರಣ.

ಕಾವೇರಿ ನಾಲೆಗಳ ನೀರಿನಲ್ಲಿ ಭತ್ತ ಬೆಳೆಯುವ ಮೈಸೂರು ಜಿಲ್ಲೆಯ ಕೆ.ಆರ್. ನಗರ ತಾಲ್ಲೂಕಿಗೆ ಈ ವಿಷಯ ಎಲ್ಲಕ್ಕಿಂತ ಹತ್ತಿರದ್ದು. ಒಂದು ಕ್ವಿಂಟಲ್ ಭತ್ತದಿಂದ ಸುಮಾರು 20 ಕಿಲೋ ಉಮಿಯೂ 5ರಿಂದ 8 ಕಿಲೋ ತೌಡೂ ದೊರೆಯುತ್ತವೆ. ಒಳ್ಳೆಯ ತೌಡಿನಲ್ಲಿ ಶೇಕಡ 15ರಿಂದ 20ರಷ್ಟು ಎಣ್ಣೆಯಿದ್ದು, ಆ ಎಣ್ಣೆಯಲ್ಲಿ ಸುಮಾರು ಶೇಕಡ 1ರಿಂದ 2ರಷ್ಟು ಒರೈಜನಾಲ್ ಎಂಬ ಉತ್ಕರ್ಷಣ ನಿರೋಧಕವಿರುತ್ತದೆ. ಎಂದರೆ ಒಂದು ಕ್ವಿಂಟಲ್ ಭತ್ತದ ಹಿಂದೆ ಹತ್ತಿಪ್ಪತ್ತು ಗ್ರಾಂನಷ್ಟು. 1954ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಮೊದಲು ಬೇರ್ಪಡಿಸಿದ್ದು ಅಕ್ಕಿ ತೌಡಿನ ಎಣ್ಣೆಯಿಂದಲೇ.

ಇಷ್ಟು ಬೆಲೆಯುಳ್ಳ ತೌಡು ಹಾಳಾಗುವ ವೇಗ ಮಾತ್ರ ಆತಂಕಕಾರಿಯಾದದ್ದು. ಅಕ್ಕಿಗೆ ಪಾಲಿಷ್ ಕೊಡುವ ಹೊತ್ತಿಗೆ ತೌಡಿನ ಕಣಗಳು ಒಡೆದು, ಅದುವರೆಗೆ ದೂರವಿದ್ದ ಎಣ್ಣೆಯೂ ಅದನ್ನು ಒಡೆಯುವ ಲೈಪೇಸ್ ಎಂಬ ಕಿಣ್ವವೂ ಒಂದಕ್ಕೊಂದು ತಾಗುತ್ತವೆ. ಕೆಲವೇ ಗಂಟೆಗಳಲ್ಲಿ ಎಣ್ಣೆ ಮುಕ್ತ ಕೊಬ್ಬಿನಾಮ್ಲಗಳಾಗಿ ಒಡೆಯಲಾರಂಭಿಸಿ, ಕೆಲವು ದಿನಗಳಲ್ಲಿ ತೌಡು ಅಡುಗೆ ಎಣ್ಣೆಗೆ ಒದಗದಂತಾಗಿ ದನದ ಮೇವಿನ ದರಕ್ಕೆ ಇಳಿಯುತ್ತದೆ. ಬಿಸಿ ಹಬೆಯಿಂದ ಕಿಣ್ವವನ್ನು ಕೊಲ್ಲುವುದೇ ಇದಕ್ಕೆ ಪರಿಹಾರವಾಗಿದ್ದು, ಈ ಕ್ರಮವನ್ನು ತೌಡಿನ ಸ್ಥಿರೀಕರಣ ಎನ್ನುತ್ತಾರೆ. ಕುಚ್ಚಲಕ್ಕಿಯ ತೌಡು ಹೆಚ್ಚು ದಿನ ಬಾಳುವುದು ಭತ್ತ ಬೇಯಿಸುವಾಗಲೇ ಈ ಕೆಲಸ ನಡೆದಿರುವುದರಿಂದ. ಹಳೆಯ ಹಲ್ಲರ್ ಗಿರಣಿಗಳಲ್ಲಿ ಉಮಿ, ನುಚ್ಚು, ತೌಡು ಒಂದಾಗಿ ಬೀಳುವುದರಿಂದ ಎಣ್ಣೆಯ ಪ್ರಮಾಣ ತಗ್ಗುತ್ತದೆ. ರಬ್ಬರ್ ರೋಲರ್‌ನಿಂದ ಉಮಿ ಬಿಡಿಸಿ ಆಮೇಲೆ ಪಾಲಿಷ್ ಮಾಡುವ ಗಿರಣಿಯ ತೌಡನ್ನೇ ಆರಿಸಬೇಕು. ಬೆಳೆಗಾರರ ಕೂಟಗಳು ಹಣ ತೊಡಗಿಸುವುದಾದರೆ ಉತ್ಕರ್ಷಣ ನಿರೋಧಕಗಳ ಸಾರ ತೆಗೆಯುವ ಯಂತ್ರಕ್ಕಿಂತ ಮೊದಲು ಗಿರಣಿಯ ಪಕ್ಕದಲ್ಲೇ ನಿಲ್ಲಿಸಬಹುದಾದ ಹಬೆ ಘಟಕಕ್ಕೆ ತೊಡಗಿಸುವುದು ವಿವೇಕದ ಕೆಲಸ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳ ಮಳೆಯಾಶ್ರಿತ ಹೊಲಗಳ ರಾಗಿಯ ಕಥೆ ಬೇರೆ. ರಾಗಿಯ ಪಾಲಿಫಿನಾಲ್‌ಗಳು, ಅಂದರೆ ಒಗರು ರುಚಿಗೆ ಮೂಲವಾದ ಉತ್ಕರ್ಷಣ ನಿರೋಧಕಗಳು, ಬಹುಪಾಲು ಕೆಂಪು ಸಿಪ್ಪೆಯಲ್ಲೇ ಇದ್ದು, ಬಿಳಿ ರಾಗಿಗಿಂತ ಕೆಂಪು ರಾಗಿಯಲ್ಲಿ ಹೆಚ್ಚಾಗಿವೆ. 1950ರಲ್ಲಿ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ಎನ್.ಜಿ. ಮಲ್ಲೇಶಿ ಮತ್ತು ಸಂಗಡಿಗರು ಈ ಸಿಪ್ಪೆಯನ್ನು ವಿವರವಾಗಿ ಅಭ್ಯಸಿಸಿದ್ದಾರೆ. ರಾಗಿಯ ತಿರುಳು ಮೆದುವಾಗಿರುವುದರಿಂದ ಸಿಪ್ಪೆ ಸುಲಿಯಹೋದರೆ ಕಾಳೇ ಪುಡಿಯಾಗುತ್ತಿತ್ತು. ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ ತಿರುಳನ್ನು ಗಟ್ಟಿಮಾಡುವ ವಿಧಾನ ಅಲ್ಲಿ ರೂಪುಗೊಂಡ ಮೇಲೆ ಸಿಪ್ಪೆ ಪ್ರತ್ಯೇಕ ಉಪೋತ್ಪನ್ನವಾಗಿ ಸಿಗುವಂತಾಯಿತು. ಇಡೀ ಹಿಟ್ಟಿನ ಮುದ್ದೆ ಉಣ್ಣುವ ಮನೆಗೆ ಈ ಪದಾರ್ಥಗಳು ಊಟದಲ್ಲೇ ದೊರೆಯುವುದರಿಂದ ಸಾರ ತೆಗೆಯಲೆಂದು ಸಿಪ್ಪೆ ಸುಲಿಯುವ ಅಗತ್ಯವಿಲ್ಲ. ಕಾರ್ಖಾನೆಯಲ್ಲಿ ಉಳಿದ ಸಿಪ್ಪೆಯೂ ಮಾಲ್ಟ್ ಹಿಟ್ಟನ್ನು ಬಟ್ಟೆಯಲ್ಲಿ ಸೋಸಿದಾಗ ಉಳಿಯುವ ತರಿಯೂ ವ್ಯರ್ಥವಾಗಬಾರದೆಂಬುದಷ್ಟೇ ಇಲ್ಲಿನ ಆಶಯ. ರಾಗಿಯ ಸಿಪ್ಪೆಯಂತೆಯೇ ಶುಂಠಿ ತೊಳೆದು ಸುಲಿಯುವಾಗ ಉಳಿಯುವ ಸಿಪ್ಪೆ, ಚೂರುಗಳೂ ಪ್ರಯೋಜನಕ್ಕೆ ಬರುತ್ತವೆ, ಆದರೆ ಕೊಳೆರೋಗ ತಗುಲಿದ ಗೆಡ್ಡೆಯನ್ನು ಬೆರೆಸಬಾರದು.

ಸಾರ ತೆಗೆಯುವ ಕ್ರಮವನ್ನು ಸ್ಥೂಲವಾಗಿ ಹೀಗೆ ಹೇಳಬಹುದು: ಒಣಗಿದ ಸಿಪ್ಪೆಯನ್ನು ಪುಡಿಮಾಡಿ, ನೀರು ಬೆರೆಸಿದ ಈಥೈಲ್ ಆಲ್ಕೋಹಾಲಿನಲ್ಲಿ ನೆನೆಸಿ, ಸೋಸಿ, ಗಾಳಿಯ ಒತ್ತಡ ತಗ್ಗಿಸಿದ ಪಾತ್ರೆಯಲ್ಲಿ ಕಡಿಮೆ ಶಾಖದಲ್ಲಿ ಆಲ್ಕೋಹಾಲನ್ನು ಮರಳಿ ಪಡೆದರೆ ಗಟ್ಟಿ ಸಾರ ಉಳಿಯುತ್ತದೆ. ಆಲ್ಕೋಹಾಲಿಗೆ ಅಬಕಾರಿ ಪರವಾನಗಿಯೂ ಬೆಂಕಿಯ ಸುರಕ್ಷತೆಯೂ ಬೇಕಾಗುವುದರಿಂದ ಇದು ಮನೆಯಂಗಳದ ಕೆಲಸವಲ್ಲ. ಪ್ರಯೋಗಶಾಲೆಗಳಲ್ಲಿ ಬಳಸುವ ಮೆಥನಾಲ್ ವಿಷವಾದ್ದರಿಂದ ಆಹಾರಕ್ಕಾಗಿ ಅದನ್ನು ಮುಟ್ಟಲೇಬಾರದು. ಸ್ವಚ್ಛವಾದ, ಒಣಗಿದ, ಬೂಷ್ಟು ಹಿಡಿಯದ ಕಚ್ಚಾವಸ್ತುವನ್ನು ಒದಗಿಸುವುದು ಬೆಳೆಗಾರರ ಪಾಲಿನ ಕೆಲಸ. ಕೀಟನಾಶಕದ ಉಳಿಕೆ ಹೆಚ್ಚಾಗಿ ನಿಲ್ಲುವುದು ಹೊರಪದರದಲ್ಲೇ ಆದ್ದರಿಂದ ಸಿಂಪಡಣೆಗೂ ಕೊಯ್ಲಿಗೂ ನಡುವೆ ನಿಗದಿಯಾದ ದಿನಗಳ ಅಂತರವನ್ನು ತಪ್ಪದೆ ಪಾಲಿಸಬೇಕು.

ಮೇಲೆ ಹೆಸರಿಸಿದ ನಾಲ್ಕೂ ತಾಲ್ಲೂಕುಗಳು ಹೊಗೆಸೊಪ್ಪಿನ ಸೀಮೆಯಾಗಿದ್ದು, ಸೊಪ್ಪು ಹದ ಮಾಡುವ ಬ್ಯಾರನ್‌ಗಳು ವರ್ಷದ ಹಲವು ತಿಂಗಳು ಖಾಲಿ ನಿಂತಿರುವುದರಿಂದ ಸಿಪ್ಪೆ, ಶುಂಠಿಗಳನ್ನು ಅಲ್ಲಿಯೇ ಒಣಗಿಸುವ ಆಲೋಚನೆ ಹೊಳೆಯುವುದು ಸಹಜ. ಆದರೆ ಬ್ಯಾರನ್ನಿನ ಗೋಡೆ, ಕಡ್ಡಿ, ನೆಲಗಳಿಗೆ ಅಂಟಿದ ಸೊಪ್ಪಿನ ಧೂಳಿನಲ್ಲಿ ನಿಕೋಟಿನ್ ಇರುವುದರಿಂದ ಆಹಾರಕ್ಕೆ ಸೇರುವ ಯಾವ ವಸ್ತುವನ್ನೂ ಅದರೊಳಗೆ ಇಡಬಾರದು. ನೆರಳಿನ ಜಾಲರಿಯ ಮೇಲೆ ತೆಳುವಾಗಿ ಹರಡಿಯೋ, ಪ್ರತ್ಯೇಕ ಸೌರ ಒಣಗುಪೆಟ್ಟಿಗೆಯಲ್ಲಿಟ್ಟೋ ಒಣಗಿಸಿ, ಬೆಳಕು ತಾಗದ ಚೀಲಗಳಲ್ಲಿ ಬಿಗಿಯಾಗಿ ಕಟ್ಟಿಡಬೇಕು.