ವಂಚನೆಯ ವಾಕ್ಯರಚನೆ: ಒಂದು ಭಾಷಿಕ ಪರಿಶೀಲನೆ

ಟೋಪಿ ಹಾಕು, ಪಂಗನಾಮ ಹಾಕು, ಕಣ್ಣಿಗೆ ಮಣ್ಣೆರಚು ಎಂದು ಮೋಸವನ್ನು ಹೇಳುವ ನುಡಿಗಟ್ಟುಗಳು ಕನ್ನಡದಲ್ಲಿ ಹಲವು. ಇವುಗಳಲ್ಲೆಲ್ಲ ಕ್ರಿಯೆಯ ಕರ್ತೃ ವಂಚಕನೇ. ಇಂದಿನ ಆರ್ಥಿಕ ವಂಚನೆಯಾದರೋ ಈ ವ್ಯಾಕರಣವನ್ನು ತಿರುಗಿಸಿದೆ. ‘ಲಿಂಕ್ ಒತ್ತಿರಿ’, ‘ಒಟಿಪಿ ಹೇಳಿರಿ’, ‘ಹಣ ವರ್ಗಾಯಿಸಿರಿ’ ಎಂಬ ವಿಧ್ಯರ್ಥಕ ವಾಕ್ಯಗಳಲ್ಲಿ ಕರ್ತೃಸ್ಥಾನ ಹಣದ ಒಡೆಯನದು. ವಂಚಕನು ಕದಿಯುವುದಿಲ್ಲ, ಒಡೆಯನ ಕೈಯಿಂದಲೇ ಕೊಡಿಸಿಕೊಳ್ಳುತ್ತಾನೆ. ಅವನ ಆಯುಧ ಭಾಷೆಯೇ ಆದುದರಿಂದ ಭಾಷೆಯ ವಿದ್ಯಾರ್ಥಿಗಳಿಗೆ ಇದು ಅಧ್ಯಯನದ ವಸ್ತು.

‘ಡಿಜಿಟಲ್ ಅರೆಸ್ಟ್’ ಎಂಬ ಪದಪುಂಜವನ್ನು ಗಮನಿಸಬಹುದು. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರು ವಿಜಯಪುರದ ವ್ಯಕ್ತಿಯೊಬ್ಬರಿಗೆ ಬಂದ ಇಂತಹ ಕರೆಯನ್ನು ಕೇಳಿಸಿ, ಕಾನೂನಿನಲ್ಲಿ ಈ ಬಗೆಯ ಬಂಧನವೇ ಇಲ್ಲವೆಂದು ತಿಳಿಸಿದರು. ಇಂತಹ ಕರೆಗಳಲ್ಲಿ ಮೂರು ಲಕ್ಷಣಗಳು ಕಾಣುತ್ತವೆ.

1. ಎರವಲು ಅಧಿಕಾರ: ಪೊಲೀಸ್, ಸಿಬಿಐ, ರಿಸರ್ವ್ ಬ್ಯಾಂಕ್ ಮೊದಲಾದ ಹೆಸರುಗಳ ಬಳಕೆ.
2. ಅವಸರ: ‘ಈಗಲೇ’, ‘ತಕ್ಷಣ’ ಎಂಬ ಕಾಲಸೂಚಕಗಳು.
3. ಗೋಪ್ಯ: ‘ಯಾರಿಗೂ ಹೇಳಬೇಡಿ’ ಎಂಬ ನಿಷೇಧ.

ಮೂರನೆಯದೇ ಅತ್ಯಂತ ಅಪಾಯಕಾರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೆಯ ಕಲಮು ಇದಕ್ಕೆ ನೇರ ವಿರುದ್ಧವಾಗಿದೆ. ಬಂಧಿಸುವ ಅಧಿಕಾರಿಯ ಹೆಸರು ಸ್ಪಷ್ಟವಾಗಿ ಕಾಣಬೇಕು. ಬಂಧನಪತ್ರಕ್ಕೆ ಕುಟುಂಬದವರು ಅಥವಾ ಊರಿನ ಗೌರವಸ್ಥರು ಸಾಕ್ಷಿಯಾಗಬೇಕು. ಕಾನೂನು ಸಾಕ್ಷಿಯನ್ನು ಕರೆಯುತ್ತದೆ, ವಂಚನೆ ಸಾಕ್ಷಿಯನ್ನು ಹೊರಗಿಡುತ್ತದೆ.

ಇನ್ನೊಂದು ತಂತ್ರವು ‘ಕೊಡು’, ‘ಪಡೆ’ ಎಂಬ ಧಾತುಗಳನ್ನು ಅದಲುಬದಲಾಗಿಸುತ್ತದೆ. ಯುಪಿಐ ಪಿನ್ ಹಣವನ್ನು ಕೊಡುವಾಗ ಬೇಕು, ಪಡೆಯುವಾಗ ಬೇಡ. ‘ಹಣ ಪಡೆಯಲು ಪಿನ್ ಒತ್ತಿರಿ’ ಎಂಬ ವಾಕ್ಯ ತನ್ನನ್ನು ತಾನೇ ಸುಳ್ಳಾಗಿಸಿಕೊಳ್ಳುತ್ತದೆ.

ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಮಾಕಣಿಯಂತಹ ಗಡಿಗ್ರಾಮಗಳಲ್ಲಿ ಈ ಅರಿವು ಇನ್ನಷ್ಟು ಅಗತ್ಯ. ಕನ್ನಡ ಮನೆಮಾತಾಗಿರುವ ಕುಟುಂಬಗಳಿಗೂ ಕಚೇರಿಯ ಭಾಷೆ ಮರಾಠಿ, ಮೊಬೈಲಿನ ಸಂದೇಶ ಬಹುಮಟ್ಟಿಗೆ ಹಿಂದಿ ಅಥವಾ ಇಂಗ್ಲಿಷ್. ಪೂರ್ತಿ ತಿಳಿಯದ ಭಾಷೆಯ ಗತ್ತು ಹಿರಿಯರಿಗೆ ಅಧಿಕಾರವಾಣಿಯಂತೆ ಕೇಳಿಸುತ್ತದೆ. ಆಗ ಸೋಯಾಬೀನ್ ಮಾರಿ ಬಂದ ಹಣ ಉಳಿಯುವುದೂ ಹೋಗುವುದೂ ಮನೆಯ ವಿದ್ಯಾರ್ಥಿ ಮಾಡುವ ಅನುವಾದವನ್ನು ಅವಲಂಬಿಸಬಹುದು. ಆ ಬೆದರಿಕೆಯನ್ನು ಮನೆಮಾತಿಗೆ ತಂದರೆ ಉಳಿಯುವುದು ಇಷ್ಟೇ: ‘ಗುರುತಿಲ್ಲದವನೊಬ್ಬ ರೊಕ್ಕ ಕೇಳುತ್ತಿದ್ದಾನೆ, ಮನೆಯವರಿಗೆ ಹೇಳಬೇಡ ಎನ್ನುತ್ತಿದ್ದಾನೆ.’

ಹಣ ಹೋದ ಬಳಿಕ ನಾಚಿಕೆಯಿಂದ ಮೌನವಾಗಿರುವುದು ವಂಚಕನ ಮೂರನೆಯ ಲಕ್ಷಣವನ್ನೇ ಮುಂದುವರಿಸಿದಂತೆ. ಕೂಡಲೇ 1930 ಸಹಾಯವಾಣಿಗೂ ಬ್ಯಾಂಕಿಗೂ ತಿಳಿಸಬೇಕು. ಹಣ ಬೇರೆ ಖಾತೆಗಳಿಗೆ ಹರಿದುಹೋಗುವ ಮೊದಲೇ ಅದನ್ನು ತಡೆಹಿಡಿಯಲು ಇದರಿಂದ ಅವಕಾಶ ದೊರೆಯುತ್ತದೆ. ಅನಧಿಕೃತ ವಹಿವಾಟಿನ ಬಗ್ಗೆ ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟವನ್ನು ಬ್ಯಾಂಕೇ ಹೊರಬೇಕೆಂದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ವಿಧಿಸಿತು.

ಅಭ್ಯಾಸ: ಮನೆಯ ಮೊಬೈಲಿಗೆ ಬಂದ ಐದು ಅಪರಿಚಿತ ಸಂದೇಶಗಳನ್ನು, ಲಿಂಕ್ ಒತ್ತದೆ, ಬರೆದುಕೊಳ್ಳಿರಿ. ವಿಧ್ಯರ್ಥಕ ಕ್ರಿಯಾಪದಗಳನ್ನೂ ಕಾಲಸೂಚಕಗಳನ್ನೂ ಗುರುತಿಸಿ, ಮನೆಮಾತಿಗೆ ಅನುವಾದಿಸಿ ಹಿರಿಯರಿಗೆ ಓದಿ ಹೇಳಿರಿ.